ನೆರಳಿನ ಗಡಿ

ಮಕ್ಕಳೇ, ದಸರಾ ರಜೆಗೆ ನೀವೆಲ್ಲ ಬಿಡದಿಯಿಂದ ಬಂದಿದ್ದಾಗ ಕಾವ್ಯ ಫೋನಿನಲ್ಲಿ ನಮ್ಮೂರಿನ ನಕ್ಷೆ ತೆಗೆದು ತೋರಿಸಿದ್ದಳು. ಆಕಾಶದಿಂದ ನೋಡಿದರೆ ನಮ್ಮೂರು ಯಾರೋ ಒಣಗಲು ಹಾಕಿ ಮರೆತ ಹಳೆಯ ಕಂಬಳಿಯಂತಿತ್ತು. ಅದರ ಒಂದು ಮೂಲೆಯಲ್ಲಿ ಬೆಳ್ಳಗೆ ಕಂಡದ್ದು ನಮ್ಮ ಹಾಸುಬಂಡೆ. ಅದರ ನಡುವೆ ಒಂದು ಕಾಳಿನಷ್ಟು ಚಿಕ್ಕದಾಗಿ ಕಪ್ಪಗೆ ಕಂಡದ್ದು ಬಸರಿ ಮರ. ಕಾವ್ಯ ಅದರ ಮೇಲೆ ಬೆರಳಿಟ್ಟು, "ಅಜ್ಜಿ, ಇದರಲ್ಲಿ ನಮ್ಮ ಭಾಗ ಎಲ್ಲಿವರೆಗೆ?" ಎಂದು ಕೇಳಿದಳು. ನಾನು, "ಮರದ ನೆರಳಿನವರೆಗೆ" ಎಂದೆ. ನೀವೆಲ್ಲ ಬಿದ್ದು ಬಿದ್ದು ನಕ್ಕಿರಿ. ಯಾಕೆ ನಗುತ್ತೀರಿ ಎಂದು ಕೇಳಲು ನಾಚಿಕೆಯಾಗಿ ನಾನೂ ನಕ್ಕೆ. ಅದಾದ ಮೇಲೆ, ಹುರುಳಿ ಬಡಿಯುವ ಕಾಲದಲ್ಲಿ, ಅದೇ ನೆರಳು ನನ್ನನ್ನು ಎಷ್ಟು ಆಟ ಆಡಿಸಿತು ಎಂಬುದು ನಿಮಗೆ ಗೊತ್ತಿಲ್ಲ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ ಮಣ್ಣಿಗಿಂತ ಕಲ್ಲು ಹೆಚ್ಚು. ರಾಮನಗರದ ಕಡೆಯಿಂದ ಕೂಟಗಲ್ಲಿಗೆ ಬರುವ ದಾರಿಯಲ್ಲಿ ನೀವೇ ನೋಡಿದ್ದೀರಿ, ಎತ್ತ ತಿರುಗಿದರೂ ಬೋಳು ಬೆಟ್ಟ. ನಾನು ಓದಿದ ಹಳ್ಳಿ ಶಾಲೆಯ ಮೇಷ್ಟ್ರು ಈ ಕಲ್ಲು ಭೂಮಿಯಲ್ಲೇ ಬಹಳ ಹಳೆಯದು, ಗಿಡಮರ ಹುಟ್ಟುವುದಕ್ಕೂ ಮುಂಚಿನದು ಎಂದು ಹೇಳಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಅದನ್ನು ನಮ್ಮತ್ತೆಗೆ ಹೇಳಿದೆ. ಅವರು, "ಅದ್ಕೇಯ ಇಷ್ಟು ನುಣ್ಗೆ ಆಗೈತೆ" ಎಂದರು. ಈಗ ಭಾನುವಾರ ಬಂತೆಂದರೆ ಬೆಂಗಳೂರಿನವರು ಹಗ್ಗ ಕಟ್ಟಿಕೊಂಡು ಬೆಟ್ಟ ಹತ್ತುತ್ತಾರೆ. ನಾವು ಅದೇ ಬೆಟ್ಟವನ್ನು ಹಗ್ಗವಿಲ್ಲದೆ ಹತ್ತಿ, ಸೌದೆ ಹೊರೆಯನ್ನು ತಲೆಯ ಮೇಲಿಟ್ಟುಕೊಂಡು ಇಳಿಯುತ್ತಿದ್ದೆವು. ಆಗ ನಮ್ಮನ್ನು ಯಾರೂ ಫೋಟೊ ತೆಗೆಯಲಿಲ್ಲ, ಸದ್ಯ.

ಹಾಸುಬಂಡೆ ಊರಿನ ಕಣ. ಮಣ್ಣಿನ ಕಣವಾದರೆ ಕೆತ್ತಬೇಕು, ಸಗಣಿ ಸಾರಿಸಬೇಕು. ಬಂಡೆಯನ್ನು ಗುಡಿಸಿದರೆ ಆಯಿತು. ಅದು ಯಾರ ಹೆಸರಿನಲ್ಲೂ ಇಲ್ಲ, ಆದರೆ ಯಾವ ಮನೆಯವರು ಎಲ್ಲಿ ಹರಡಬೇಕು ಎಂಬುದು ಎಲ್ಲರಿಗೂ ಗೊತ್ತು. ಮರದ ಮೂಡಣ ಭಾಗ ಪುಟ್ಟತಾಯಮ್ಮನ ಮನೆಯವರದು, ಪಡುವಣ ಭಾಗ ನಮ್ಮದು. ನಡುವಿನ ಗಡಿ ಮರದ ನೆರಳು. ಕಾಳು ಒಣಗಲು ಬಿಸಿಲು ಬೇಕು, ಮನುಷ್ಯರು ಕೂರಲು ನೆರಳು ಬೇಕು. ನೆರಳಲ್ಲಿ ಎಲ್ಲರೂ ಕೂರುವುದು, ಅದರ ಆ ಕಡೆ ಅವರು, ಈ ಕಡೆ ನಾವು. ನಮ್ಮತ್ತೆಯೂ ಪುಟ್ಟತಾಯಮ್ಮನ ಅತ್ತೆಯೂ ಹೀಗೆ ಮಾತಾಡಿಕೊಂಡಿದ್ದರು.

ಆಮೇಲೆ ಊರಿಗೆ ಡಾಂಬರು ರಸ್ತೆ ಬಂತು. ರಾಗಿ, ಹುರುಳಿ ಎಲ್ಲವನ್ನೂ ರಸ್ತೆಯಲ್ಲಿ ಹಾಸಿದರೆ ಓಡಾಡುವ ಬಸ್ಸು ಲಾರಿಗಳೇ ತುಳಿದುಕೊಡುತ್ತಿದ್ದವು. ಡ್ರೈವರುಗಳು ಬೈಯುತ್ತಲೇ ನಮ್ಮ ಕೆಲಸ ಮಾಡಿಕೊಟ್ಟು ಹೋಗುತ್ತಿದ್ದರು. ಬಂಡೆಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಹೋದ ವರ್ಷ ಯಾರದೋ ಬೈಕು ಹುಲ್ಲಿನ ಮೇಲೆ ಜಾರಿ ಬಿತ್ತು. ಇನ್ನು ರಸ್ತೆಯಲ್ಲಿ ಒಕ್ಕಣೆ ಕೂಡದು ಎಂದು ಊರಲ್ಲಿ ಹೇಳಿಸಿದರು. ಎಲ್ಲರೂ ಮತ್ತೆ ಬಂಡೆಗೆ ಬಂದೆವು.

ಆ ದಿನ ನಾನು ಹುರುಳಿ ಹೊರೆ ಹೊತ್ತು ಬಂಡೆ ಹತ್ತುವಷ್ಟರಲ್ಲಿ ಪುಟ್ಟತಾಯಮ್ಮ ಆಗಲೇ ತಮ್ಮ ಹುರುಳಿ ಗಿಡ ಹರಡಿ ಮುಗಿಸಿದ್ದರು. ಬೆಳಗಿನ ಹೊತ್ತು, ನೆರಳು ಉದ್ದಕ್ಕೆ ನಮ್ಮ ಭಾಗದ ಮೇಲೆ ಮಲಗಿತ್ತು. ಅವರು ಆ ನೆರಳಿನ ಪಡುವಣ ತುದಿಯವರೆಗೂ ಹರಡಿಕೊಂಡು ಬಂದಿದ್ದರು. ನನಗೆ ಉಳಿದದ್ದು ಮುಳ್ಳುಪೊದೆಯ ಪಕ್ಕದ ಇಳಿಜಾರು. ಅಲ್ಲಿ ಹರಡಿದರೆ ಕಾಳೆಲ್ಲ ಉರುಳಿ ಪೊದೆಯ ಪಾಲು. ಮನೆಗೆ ವಾಪಸ್ಸು ಒಯ್ಯೋಣವೆಂದರೆ ಸಾವನದುರ್ಗದ ಕಡೆ ಮೋಡ ಎದ್ದಿತ್ತು. ಹಸಿಯಾದ ಹುರುಳಿ ಬೂಷ್ಟು ಹಿಡಿದರೆ ಇಡೀ ವರ್ಷ ನಿಮಗೆ ಸಾರಿಲ್ಲ. ನಿಮ್ಮ ತಾತ ಇದ್ದಿದ್ದರೆ ಜಾಗದ ಮಾತು ಅವರು ಆಡುತ್ತಿದ್ದರು. ನಾನು ಅವರ ಹಿಂದೆ ನಿಂತು ಸೆರಗು ಸರಿ ಮಾಡಿಕೊಳ್ಳುತ್ತಿದ್ದೆ. ಈಗ ಮುಂದೆ ಯಾರೂ ಇಲ್ಲ. ಇವತ್ತು ಸುಮ್ಮನಿದ್ದರೆ ಬಂಡೆಯ ಮೇಲೆ ನಮ್ಮ ಮನೆಯ ಜಾಗ ಹೋದಂತೆಯೇ ಎಂದು ಗೊತ್ತಿದ್ದರೂ ನಾನು ಹೊರೆ ಇಳಿಸಿ ಕಲ್ಲಿನಂತೆ ನಿಂತೆ.

"ಏನಮ್ಮಿ ಜಯಮ್ಮ, ಹಂಗೇ ನಿಂತ್ಕಬುಟ್ಟೆ? ಬಂಡೆಗೆ ದಿಷ್ಟಿ ತೆಗೀತಿದ್ದೀಯಾ?" ಎಂದರು ಪುಟ್ಟತಾಯಮ್ಮ.

"ಅಕ್ಕ, ನಮ್ ಜಾಗ..." ಎಂದೆ.

"ನಿಮ್ ಜಾಗ ನೆಳ್ಳಿಂದ ಆಚ್ಗೆ. ನಿಮ್ಮತ್ತೆ, ನಮ್ಮತ್ತೆ ಆಡಿದ್ ಮಾತು ಮರ್ತೋದಾ? ನೋಡ್ಕೊ ಬೇಕಾರೆ, ಒಂದು ಗಿಡಾನಾದ್ರೂ ನೆಳ್ಳ್ ದಾಟೈತಾ?"

ದಾಟಿರಲಿಲ್ಲ. ಮಾತಿನ ಪ್ರಕಾರ ಅವರದೇ ಸರಿ. ನಮ್ಮತ್ತೆಯವರು ನೆರಳೇ ಗಡಿ ಎಂದಿದ್ದು ನನಗೂ ಚೆನ್ನಾಗಿ ನೆನಪಿದೆ. ಯಾವ ಹೊತ್ತಿನ ನೆರಳು ಎಂದಿದ್ದರೋ ಅದು ಮಾತ್ರ ನೆನಪಿಲ್ಲ. ಪುಟ್ಟತಾಯಮ್ಮನಿಗೂ ನೆನಪಿರಲಿಲ್ಲ, ಆದರೆ ಅವರು ಬೇಗ ಎದ್ದು ಬಂದಿದ್ದರು.

ಜಗಳವಾಡಲು ಬಾರದವರಿಗೆ ಒಂದು ಅನುಕೂಲವಿದೆ, ಅವರು ಸುಮ್ಮನೆ ಕೂತುಬಿಡಬಹುದು. ನಾನು ಮರದ ಬುಡಕ್ಕೆ ಹೋಗಿ ಕೂತೆ. ಸೂರ್ಯ ಮೇಲೇರಿದ. ನೆರಳು ಒಸಿ ಒಸಿಯಾಗಿ ನಮ್ಮ ಭಾಗ ಬಿಟ್ಟು ಸರಿಯುತ್ತಾ ಬಂತು. ಊಟದ ಹೊತ್ತಿಗೆ ಪುಟ್ಟತಾಯಮ್ಮನೂ ಮುದ್ದೆ ಗಂಟು ಬಿಚ್ಚಿಕೊಂಡು ಪಕ್ಕಕ್ಕೆ ಬಂದು ಕೂತರು. ಜಾಗದ ಮಾತು ಬೇರೆ, ಊಟದ ಮಾತು ಬೇರೆ. ನನ್ನ ಮುದ್ದೆಗೆ ಅವರೇ ಉಪ್ಪಿನಕಾಯಿ ಇಟ್ಟರು. ಸೊಸೆಯ ಮೇಲೆ ಚಾಡಿ ಹೇಳಿದರು, ಎಲೆ ಅಡಿಕೆ ಮಡಿಚಿ ಬಾಯಿಗೆ ಹಾಕಿಕೊಂಡರು. ಅಷ್ಟು ಹೊತ್ತಿಗೆ ನೆರಳು ನಮ್ಮ ಕಾಲ ಕೆಳಗಿನಿಂದ ಜಾರಿ ಮೂಡಲಿಗೆ ವಾಲಿ, ಅವರ ಹುರುಳಿಯನ್ನು ಮುಟ್ಟಿತು. ಸ್ವಲ್ಪ ಹೊತ್ತಿನಲ್ಲೇ ಅದರ ನಡುವೆ ಹೋಗಿ ಕೂತಿತು.

ನಾನು ಅದನ್ನೇ ನೋಡುತ್ತಿದ್ದೆ. ಕೊನೆಗೆ ಬಾಯಿಂದ ಬಂದೇಬಿಟ್ಟಿತು. "ಅಕ್ಕ, ನೆಳ್ಳಿಂದ ಆಚ್ಗೆ ನಿಮ್ದಲ್ವಾ? ಹಂಗಾರೆ ಇವಾಗ ನಿಮ್ ಹುರುಳಿ ಅರ್ಧ ನಮ್ ಜಾಗದಲ್ಲೈತೆ."

ಪುಟ್ಟತಾಯಮ್ಮ ಒಂದು ಗಳಿಗೆ ನನ್ನ ಮುಖ ನೋಡಿದರು, ನೆರಳು ನೋಡಿದರು. ಆಮೇಲೆ ನಗಲು ಶುರುಮಾಡಿದವರು ಎಲೆ ಅಡಿಕೆಯನ್ನು ಬಾಯಲ್ಲಿ ಇಟ್ಟುಕೊಳ್ಳಲಾರದೆ ಎದ್ದುಹೋಗಿ ಉಗಿದು ಬಂದರು. "ಅಯ್ ನಿನ್ನ! ನಿನ್ಗೂ ಬಾಯೈತಾ? ಇಷ್ಟ್ ವರ್ಸ ಎಲ್ಲಿ ಮಡ್ಗಿದ್ಯಮ್ಮಿ?" ಎಂದು ನನ್ನ ತೊಡೆಗೆ ಒಂದೇಟು ಕೊಟ್ಟರು. ನಗುತ್ತಲೇ ತಮ್ಮ ಗಿಡಗಳನ್ನು ಒಂದು ಮಗ್ಗುಲಿಗೆ ಎಳೆಯತೊಡಗಿದರು. ನಾನು ಅವಸರವಾಗಿ ನನ್ನ ಹೊರೆ ಬಿಚ್ಚಿ ಹರಡಿದೆ.

ಹರಡಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಬಂಡೆಯ ಮೇಲೆ ನೆರಳೇ ಇರಲಿಲ್ಲ. ಮೋಡ ಸೂರ್ಯನನ್ನು ಮುಚ್ಚಿತ್ತು. ನಾವಿಬ್ಬರೂ ಗಡಿ ಎಲ್ಲಿ ಹೋಯಿತೆಂದು ಹುಡುಕುವವರಂತೆ ಒಂದು ಸಲ ನೆಲ ನೋಡಿದೆವು. ಆಮೇಲೆ ಮೂಗಿನ ಮೇಲೆ ಹನಿ ಬಿತ್ತು.

ನನ್ನ ಹತ್ತಿರ ಟಾರ್ಪಾಲು ಇರಲಿಲ್ಲ. ಅವರ ಹತ್ತಿರ ಇದ್ದದ್ದು ಒಂದು. "ಬಾರಮ್ಮಿ, ಇತ್ಲಾಗ್ ತಳ್ಳು!" ಎಂದು ಕೂಗಿದರು. ಅವರದೂ ನನ್ನದೂ ಒಂದೇ ಗುಡ್ಡೆಯಾಯಿತು. ಟಾರ್ಪಾಲಿನ ಆ ಕೊನೆಯಲ್ಲಿ ಅವರು, ಈ ಕೊನೆಯಲ್ಲಿ ನಾನು, ಅಂಚಿನ ಮೇಲೆ ಕೂತು ನೆನೆದೆವು. ಮಳೆ ಏನೂ ದೊಡ್ಡದು ಬರಲಿಲ್ಲ. ಮಾರನೆಯ ದಿನ ಬಿಸಿಲು ಬಿದ್ದಿತು. ಗುಡ್ಡೆಯನ್ನು ಬಿಡಿಸಿ ಬೇರೆ ಮಾಡುವ ಸಹನೆ ಇಬ್ಬರಿಗೂ ಇರಲಿಲ್ಲ. ಎದುರುಬದುರು ನಿಂತು ಕೋಲಿನಿಂದ ಬಡಿದೆವು, ತೂರಿದೆವು, ಮೊರದಲ್ಲಿ ಅಂದಾಜಿಗೆ ಹಂಚಿಕೊಂಡೆವು.

ಹೊತ್ತು ಹೇಳದೆ ಬಿಟ್ಟದ್ದು ನಮ್ಮತ್ತೆಯವರ ಮರೆವೋ ಜಾಣತನವೋ ಎಂದು ನಾನು ಈಗಲೂ ಯೋಚಿಸುತ್ತೇನೆ. ಅವರೂ ಹೀಗೆಯೇ ದಿನವಿಡೀ ನೆರಳಿನ ಹಿಂದೆ ಗಿಡ ಎಳೆದಾಡಿರಬೇಕು. ಕಾವ್ಯ, ನಕ್ಷೆಯಲ್ಲಿ ಗೆರೆ ಎಳೆಯಲೇಬೇಕು ಎನ್ನುವುದಾದರೆ ಮೋಡ ಮುಚ್ಚಿದ ದಿನ ಬಂದು ಎಳೆ.

ಇನ್ನೊಂದು ಮಾತು. ನಮ್ಮದು ಕರಿ ಹುರುಳಿ, ಪುಟ್ಟತಾಯಮ್ಮನದು ಕೆಂಪು. ಈ ವರ್ಷ ಸಾರಿನಲ್ಲಿ ಎರಡು ಬಣ್ಣ ಕಾಣುತ್ತದೆ. ಕೆಂಪು ಕಾಳನ್ನು ಆರಿಸಿ ತಟ್ಟೆಯ ಅಂಚಿಗೆ ಇಡಬೇಡಿ. ಅವರ ಮನೆಯಲ್ಲಿ ನಮ್ಮ ಕರಿ ಕಾಳನ್ನು ಯಾರೂ ಆರಿಸುತ್ತಿಲ್ಲ, ನಾನು ಹೋಗಿ ಉಂಡು ನೋಡಿ ಬಂದಿದ್ದೇನೆ.