ಹಿರಿಯ ಜೇಬೆಜ್ ಕೋಳದಲ್ಲಿ ಕೂತದ್ದು

ಹದಿನೇಳನೇ ಶತಮಾನದ ಮ್ಯಾಸಚೂಸೆಟ್ಸಿನ ಒಂದು ಕಡಲ ಹಳ್ಳಿಯಲ್ಲಿ ಯಾರಾದರೂ ಸ್ವಲ್ಪ ಜೋರಾಗಿ ನಕ್ಕರೆ ಸಾಕು, ಚರ್ಚ್ ಸಭೆಯ ಹಿರಿಯ ಜೇಬೆಜ್ ಪೆನಕ್ ಎಲ್ಲಿದ್ದರೂ ಪ್ರತ್ಯಕ್ಷನಾಗುತ್ತಿದ್ದ. ಪ್ರಾರ್ಥನೆಯಲ್ಲಿ ತೂಕಡಿಸುವವರ ತಲೆಗೆ ಕೋಲಿನಿಂದ ತಟ್ಟುವುದು ಅವನ ಕೆಲಸ. ಹಬ್ಬ ಮಾಡುವುದೇ ಪಾಪವೆಂದು ಆ ಕಟ್ಟಾ ಮಡಿವಂತರು ನಿಷೇಧಿಸಿದ್ದ ಕ್ರಿಸ್‌ಮಸ್ ದಿನ ಮನೆಮನೆಯ ಹೊಗೆ ಮೂಸಿ ಹಬ್ಬದಡುಗೆ ಮಾಡಿದವರನ್ನು ಹಿಡಿಯುವುದು ಅವನ ಖುಷಿ. ಅವನ ಮನೆಯ ಹುಂಜ ಭಾನುವಾರ ಕೂಗಲು ಹೆದರುತ್ತದೆಂದು ಜನ ಆಡಿಕೊಳ್ಳುತ್ತಿದ್ದರು. "ಸೈತಾನ ಒಳಗೆ ಬರೋದೇ ಬಾಯಿಂದ, ಮುಚ್ಕೊಳ್ರಿ!" ಎಂದು ದಿನವೂ ಗದರುವ ಈ ಮನುಷ್ಯನಿಗೆ ನಾಟಕವೆಂದರೆ ಮೈಯೆಲ್ಲ ಉರಿ; ಅದನ್ನು ಆಡುವುದೂ ನೋಡುವುದೂ ಅಲ್ಲಿ ಅಪರಾಧವೇ. ಒಂದು ಸಂಜೆ ತನ್ನ ದನದ ಕೊಟ್ಟಿಗೆಯಲ್ಲಿ ಕಿಲಕಿಲ ಕೇಳಿ ಅವನು ಬಾಗಿಲ ಸಂದಿಯಿಂದ ಇಣುಕಿದ. ಮನೆಗೆಲಸದ ಹುಡುಗಿ ಪೇಶನ್ಸ್ ಅವನದೇ ವೇಷ ಹಾಕಿ, ಕೋಲು ಕುಟ್ಟುತ್ತಾ, ತೂಕಡಿಸಿದ್ದಕ್ಕೆ ಒಂದು ಹಸುವನ್ನು ಬೈಯುತ್ತಿದ್ದಳು. ಮರುದಿನ ಅವನೇ ದೂರು ಕೊಟ್ಟ. ಸಂತೆಬೀದಿಯಲ್ಲಿ ಅವಳ ಕಾಲಿಗೆ ಮರದ ಕೋಳ ಹಾಕಿ ಎಲ್ಲರೆದುರು ಕೂರಿಸಬೇಕೆಂದು ಸಭೆ ತೀರ್ಮಾನಿಸಿತು. ಆಗ ಜೇಬೆಜ್ ಎದ್ದು ನಿಂತು, "ನನಗೂ ಹಾಕಿ" ಎಂದ. ಪಾದ್ರಿ ಬೆಚ್ಚಿಬಿದ್ದು, "ನೀವೇನ್ ಮಾಡಿದ್ರಿ, ಹಿರಿಯರೇ?" ಎಂದು ಕೇಳಿದ. "ಕೊನೇತನಕ ನಿಂತು ನೋಡ್ದೆ. ಹೊಟ್ಟೆ ಹಿಡ್ಕೊಂಡು ನಕ್ಕೆ. ಅವಳಿಗೊಂದು ಕಾನೂನು, ನನಗೊಂದಾ?" ಯಾರು ತಡೆದರೂ ಕೇಳದೆ ಅವಳ ಪಕ್ಕದಲ್ಲೇ ಕೋಳಕ್ಕೆ ಕಾಲು ಕೊಟ್ಟು ಕೂತ. ಹುಡುಗಿಗೆ ಹೊಡೆಯಲು ಕೊಳೆತ ಸೇಬು ತಂದವರು ಅವನ ಮುಖ ಕಂಡದ್ದೇ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಅಳುತ್ತಿದ್ದ ಪೇಶನ್ಸ್ ಅದನ್ನು ನೋಡಿ ತುಟಿ ಕಚ್ಚಿಕೊಂಡಳು. "ನಗ್ಬೇಡ ಕಣೇ," ಅವನು ನೇರ ಮುಂದಕ್ಕೇ ನೋಡುತ್ತಾ ಪಿಸುಗುಟ್ಟಿದ, "ನೀನು ನಕ್ರೆ ನನ್ ಕೈಲೂ ತಡಿಯಕ್ಕಾಗಲ್ಲ."