ಸೇತುವೆ ಕಟ್ಟಿಸಿದ ಪಾದ್ರಿಯ ವಂಶ

ತೆಲೆಸ್ಫೋರೊ ಓಬ್ರೆಗೋನ್ ಊರಿನ ಸಂತೆಯಲ್ಲಿ ತಕ್ಕಡಿ ತಪಾಸಣೆ ಮಾಡುವ ನೌಕರಿಯಲ್ಲಿದ್ದವನು. ಮೀನಿನವರು ತೂಕದಲ್ಲಿ ಮೋಸ ಮಾಡದಂತೆ ನೋಡುವುದು ಅವನ ಕೆಲಸ. ನೋಡಿದ್ದಕ್ಕೋ, ನೋಡದೆ ಬಿಟ್ಟಿದ್ದಕ್ಕೋ, ದಿನಾ ಸಂಜೆ ಅವನ ಚೀಲದಲ್ಲಿ ಒಂದು ದಪ್ಪ ಮೀನು ಮನೆಗೆ ಬರುತ್ತಿತ್ತು. ನಿವೃತ್ತನಾದ ಮೇಲೆ ಮೀನು ನಿಂತಿತು, ಮಾತು ನಿಲ್ಲಲಿಲ್ಲ.

ಮಾತೆಲ್ಲ ಸೇತುವೆಯದು. ಹಳೆಯ ಸ್ಪ್ಯಾನಿಷ್ ರಸ್ತೆ ಹೊಳೆ ದಾಟುವಲ್ಲಿ ಐದು ಕಮಾನಿನ ಕಲ್ಲುಸೇತುವೆ ಇದೆ. ಸ್ಪೇನಿನವರು ಆಳುತ್ತಿದ್ದ ಕಾಲದಲ್ಲಿ ಇಸಿದ್ರೊ ಓಬ್ರೆಗೋನ್ ಎಂಬ ಪಾದ್ರಿ ಕಟ್ಟಿಸಿದ್ದು. ಪಕ್ಕದ ಕಾಂಕ್ರೀಟ್ ಸೇತುವೆ ಎರಡು ಸಲ ತೂಫಾನಿಗೆ ಕೊಚ್ಚಿಹೋಗಿ, ಎರಡು ಸಲವೂ ಬ್ಯಾಂಡು ಬಾರಿಸಿಕೊಂಡು ಮತ್ತೆ ಉದ್ಘಾಟನೆಯಾಗಿದೆ. ಕಲ್ಲಿನದು ಸುಮ್ಮನೆ ನಿಂತಿದೆ. ಹೊರಗಿನವರು ಯಾರೇ ಸಿಗಲಿ, ತೆಲೆಸ್ಫೋರೊ ಅವರನ್ನು ಅಲ್ಲಿಗೆ ಎಳೆದೊಯ್ದು, “ಇದು ನಮ್ಮ ಮುತ್ತಜ್ಜನ ಸೇತುವೆ” ಎಂದು ಮುಖ ಒಂದು ಪಕ್ಕಕ್ಕೆ ತಿರುಗಿಸಿ ನಿಲ್ಲುತ್ತಿದ್ದ. ಮೂಗು ಕಾಣಲಿ ಎಂದು. ಊರಿನವರಿಗೆ ಆ ಮೂಗು ಹುಟ್ಟಿದಾಗಿನಿಂದ ಗೊತ್ತು. ಅದರಲ್ಲಿ ಸ್ಪೇನು ಅವರಿಗೆ ಕಂಡಿರಲಿಲ್ಲ.

ಹೀಗಿರುವಾಗ ಸೇತುವೆಗೆ ಕಂಚಿನ ಫಲಕ ಹಾಕುವುದೆಂದು ರಾಜಧಾನಿ ಮನಿಲಾದಲ್ಲಿ ತೀರ್ಮಾನವಾಗಿ, ಅಮಾಲಿಯಾ ಕತಿಗ್‌ಬಾಕ್ ಎಂಬ ಇತಿಹಾಸ ಇಲಾಖೆಯ ಹುಡುಗಿ ಊರಿಗೆ ಬಂದಳು. ತೆಲೆಸ್ಫೋರೊ ಅವಳನ್ನು ಕಮಾನಿನ ಕೆಳಗೆಲ್ಲ ಸುತ್ತಿಸಿ ಮನೆಗೆ ಕರೆತಂದ. ಅವನ ಹೆಂಡತಿ ರೋಸೆಂದ ಮಾರಲೆಂದು ಮಾಡಿದ ಮರಗೆಣಸಿನ ಕೇಕನ್ನು ಕೊಯ್ಯುತ್ತ ಕೂತಿದ್ದಳು. ಇವನು ತನ್ನ ಬೇಡಿಕೆ ಇಟ್ಟ: ಫಲಕದ ಮೇಲೆ ತಮ್ಮ ಮನೆತನದ ಹೆಸರು ಬರಬೇಕು, ಸಮಾರಂಭದಲ್ಲಿ ವಂಶಸ್ಥನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಬೇಕು.

ಹುಡುಗಿ ಕೇಕು ನುಂಗಿ, ಊರಿನವರು ಅವನನ್ನು ಮರ್ಯಾದೆಯಿಂದ ಕರೆಯುವ ಹಾಗೆಯೇ ಕರೆದು, ಮೆಲ್ಲಗೆ ಹೇಳಿದಳು. “ಮಾಂಗ್ ಪೋರೊ, ಇಸಿದ್ರೊ ಅವರು ಪಾದ್ರಿಗಳು. ಮದುವೆ ಇಲ್ಲ, ಮಕ್ಕಳಿಲ್ಲ. ಆಗ ಸರ್ಕಾರವೇ ಪಟ್ಟಿ ಹಿಡಿದು ಜನಕ್ಕೆ ಸ್ಪ್ಯಾನಿಷ್ ಅಡ್ಡಹೆಸರು ಹಂಚ್ತು, ಊರಿಗೊಂದು ಅಕ್ಷರ. ನಿಮ್ಮೂರಿಗೆ ‘ಓ’ ಅಕ್ಷರ ಬಂತು. ಅದಕ್ಕೇ ಇಲ್ಲಿ ಎಲ್ರೂ ಒಲಿವಾರೆಸ್, ಒನ್ಯಾತೆ, ಓಬ್ರೆಗೋನ್.”

ಅವಳ ಉದ್ದೇಶ ಒಳ್ಳೆಯದೇ. ಮರ್ಯಾದೆಯಿಂದ ಜಾರಿಕೊಳ್ಳಲು ದಾರಿ ತೋರಿಸಿದ್ದಳು. ಆದರೆ ತೆಲೆಸ್ಫೋರೊಗೆ ಆ ದಾರಿ ಬೇಕಿರಲಿಲ್ಲ. ಅರುವತ್ತು ವರ್ಷ ತಾನು ಹೊತ್ತು ಮೆರೆದ ಹೆಸರು ಸರ್ಕಾರ ಅಕ್ಕಿ ಹಂಚಿದ ಹಾಗೆ ಹಂಚಿದ್ದೇ? ಹಾಗಾದರೆ ತಾನು ಯಾರು? ಸಂತೆಯ ತಕ್ಕಡಿಯವನು, ಅಷ್ಟೆ. ಒಂದು ಕಡೆ ಏನೂ ಅಲ್ಲದಿರುವುದು, ಇನ್ನೊಂದು ಕಡೆ ಪಾಪದ ಸಂತಾನವಾಗುವುದು. ಅವನು ಬಹಳ ಹೊತ್ತು ಯೋಚಿಸಲಿಲ್ಲ.

“ಪಾದ್ರಿ ಅಂದ್ಮಾತ್ರಕ್ಕೆ ಗಂಡಸಲ್ವೇನಮ್ಮ?” ಎಂದ. “ತಪ್ಪು ನಡೆದಿರ್ಬೇಕು. ನಾವು ಆ ತಪ್ಪಿನ ಕಡೆಯವ್ರು.”

ರೋಸೆಂದಳ ಚಾಕು ಕೇಕಿನ ನಡುವೆ ನಿಂತಿತು.

ಮಾತು ಸಂತೆಗೆ ಹೋಗಲು ಒಂದು ಬೆಳಗು ಸಾಕಾಯಿತು. ಮೀನಿನ ಹೆಂಗಸರು ರೋಸೆಂದಳನ್ನು ‘ಪಾದ್ರಿ ಮನೆ ಸೊಸೆ’ ಎಂದು ಕರೆಯತೊಡಗಿದರು. ದಿನಾ ಪೂಜೆಗೆ ಹೋಗುವ ಅವಳು ಚರ್ಚಿನಲ್ಲಿ ಹಿಂದಿನ ಬೆಂಚಿಗೆ ಸರಿದಳು, ಗಂಡನ ಜೊತೆ ಮಾತು ಬಿಟ್ಟಳು. ತೆಲೆಸ್ಫೋರೊ ಮಾತ್ರ ಎದೆಯುಬ್ಬಿಸಿಕೊಂಡು ತಿರುಗಿದ. ಆದರೆ ಪಾಪಕ್ಕೆ ಕುರ್ಚಿ ಸಿಗುತ್ತದೆ ಎಂದು ಗೊತ್ತಾದ ಮೇಲೆ ಪಾಪವನ್ನು ಒಬ್ಬನಿಗೇ ಬಿಟ್ಟುಕೊಡುವ ಊರೇ ಅದು? ಒಲಿವಾರೆಸ್ ಮನೆಯವರಿಗೆ ತಮ್ಮ ಮುತ್ತಜ್ಜಿ ಪಾದ್ರಿಯ ಅಡುಗೆಯವಳಾಗಿದ್ದದ್ದು ನೆನಪಾಯಿತು. ಒನ್ಯಾತೆಯವರ ಮುತ್ತಜ್ಜಿ ಅವನ ಬಟ್ಟೆ ಒಗೆಯುತ್ತಿದ್ದಳಂತೆ. ಚರ್ಚಿನ ಗಂಟೆ ಹೊಡೆಯುವವನ ಕುಟುಂಬದವರು ಏನನ್ನೂ ಹೇಳಲಿಲ್ಲ, ಸುಮ್ಮನೆ ನಕ್ಕರು. ಅದು ಎಲ್ಲರಿಗಿಂತ ದೊಡ್ಡ ಪುರಾವೆಯಾಯಿತು. ಇಷ್ಟೆಲ್ಲದರ ನಡುವೆ ಆ ಪುಣ್ಯಾತ್ಮನಿಗೆ ಸೇತುವೆ ಕಟ್ಟಿಸಲು ಪುರುಸೊತ್ತು ಯಾವಾಗ ಸಿಕ್ಕಿತೋ ದೇವರೇ ಬಲ್ಲ.

ಊರಿನ ಮುಖಂಡ ಕಪಿತಾನ್ ನೆಸ್ತೊರ್‌ಗೆ ಚುನಾವಣೆ ಹತ್ತಿರವಿತ್ತು. ಯಾರಿಗೂ ಇಲ್ಲ ಎನ್ನಲಿಲ್ಲ. ಸೇತುವೆಯ ಬಾಯಲ್ಲಿ ಶಾಮಿಯಾನ ಹಾಕಿಸಿ ‘ವಂಶಸ್ಥರು’ ಎಂದು ಬೋರ್ಡು ತೂಗಿಸಿದ.

ಸಮಾರಂಭದ ದಿನ ತೆಲೆಸ್ಫೋರೊ ಇಸ್ತ್ರಿ ಮಾಡಿದ ಬಾರೊಂಗ್ ಅಂಗಿ ತೊಟ್ಟು, ತಲೆ ಬಾಚುವುದರಲ್ಲೇ ತಡಮಾಡಿ ಬಂದ. ಶಾಮಿಯಾನ ಕಿಕ್ಕಿರಿದಿತ್ತು. ಅವನ ಕುರ್ಚಿಯಲ್ಲಿ ಒಲಿವಾರೆಸರ ಅತ್ತೆ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದಳು. ಮೊದಲು ಹೇಳಿದ್ದು ತಾನು ಎಂದು ಇವನು ವಾದಿಸಿದ. ಮೊದಲು ಬಂದದ್ದು ತಾನು ಎಂದಳು ಅವಳು. ಸುಡು ಬಿಸಿಲಲ್ಲಿ ಅವನು ಸೇತುವೆಯ ಮೇಲೆ ನಿಂತ.

ರೋಸೆಂದ ಕೇಕಿನ ಬುಟ್ಟಿ ಹಿಡಿದು ಬಂದವಳು ಕಪಿತಾನನನ್ನು ಕೇಳಿದಳು. “ಕಲ್ಲು ಹೊತ್ತವ್ರ ಕಡೆಯವ್ರು ಎಲ್ಲಿ ಕೂರೋದು?”

“ಅಂಥವ್ರಿಗೆ ಕುರ್ಚಿ ಹಾಕ್ಸಿಲ್ಲ, ಅಲಿಂಗ್ ರೋಸೆಂದ. ಯಾರೂ ಕೇಳ್ಲಿಲ್ಲ” ಎಂದ ಕಪಿತಾನ್, ‘ಅಲಿಂಗ್’ ಎಂಬ ಮರ್ಯಾದೆಯ ಮಾತಿಗೆ ಕಡಿಮೆ ಮಾಡದೆ.

“ನಮ್ಮಜ್ಜಿಯ ಅಜ್ಜ ಬಿಟ್ಟಿ ದುಡಿಮೆ ಮಾಡ್ದ ಇಲ್ಲಿ. ಜ್ವರ ಅಂತ ಮಲಗಿದ್ದಕ್ಕೆ ನಿಮ್ಮ ಪಾದ್ರಿ ಬೆತ್ತದಲ್ಲಿ ಹೊಡೆಸ್ದ.”

ಹಬ್ಬದ ದಿನ ಅದನ್ನೆಲ್ಲ ಯಾಕೆ ಕೆದಕುವುದು ಎಂದು ಕಪಿತಾನ್ ಮೈಕಿನ ಕಡೆ ನಡೆದ. ಶಾಮಿಯಾನದಲ್ಲಿ ಕೂತವರಿಗೂ ಮಾತು ಕೇಳಿಸಿತ್ತು. ಅವರ ಮನೆಗಳಲ್ಲೂ ಕಲ್ಲು ಹೊತ್ತವರಿದ್ದರು. ಯಾರೂ ಏಳಲಿಲ್ಲ, ನೆರಳು ಚೆನ್ನಾಗಿತ್ತು.

ರೋಸೆಂದ ಸೇತುವೆಯ ಗೋಡೆಯ ಮೇಲೆ ಬಾಳೆಲೆ ಹಾಸಿ, ಕೊಡೆ ಬಿಚ್ಚಿ ಕೂತಳು. ಆಮೇಲೆ, ಎಷ್ಟೋ ದಿನಗಳ ಮೇಲೆ ಗಂಡನ ಜೊತೆ ಮಾತಾಡಿದಳು. “ಬಾ ಪೋರೊ, ಕೂತ್ಕೊ. ಬಿದ್ದೀಯ.”

ಅವನು ಹಿಂದೆಮುಂದೆ ನೋಡಿದ. ಅಲ್ಲಿ ಕೂತರೆ ಕೂಲಿಯವರ ಕಡೆಯವನಾದಂತೆ. ಆದರೆ ಬಿಸಿಲಿಗೆ ವಂಶ ಗಿಂಶ ತಿಳಿಯದು. ಕೂತ.

ಫಲಕದ ಮೇಲೆ ಪಾದ್ರಿಯ ಹೆಸರು ದಪ್ಪಕ್ಷರದಲ್ಲಿದೆ, ಮನೆತನಗಳ ಸುದ್ದಿಯಿಲ್ಲ. ತೆಲೆಸ್ಫೋರೊ ಈಗಲೂ ಬಂದವರನ್ನು ಅಲ್ಲಿಗೆ ಎಳೆದೊಯ್ದು ಮೂಗು ತೋರಿಸುತ್ತಾನೆ. ಹೆಂಡತಿ ಹತ್ತಿರದಲ್ಲಿದ್ದರೆ ಮಾತ್ರ ಧಾರಾಳವಾಗಿ ಒಂದು ಮಾತು ಸೇರಿಸುತ್ತಾನೆ: “ಇವಳ ಕಡೆಯವ್ರಿಗೂ ನಮ್ಮಜ್ಜನೇ ಕೆಲಸ ಕೊಟ್ಟಿದ್ದು.”