ಹನ್ನೆರಡನೇ ನಂಬರಿನ ಹಾಜರಿ

ಏಳು ಜನ ಕೂತಿದ್ದ ಕ್ಲಾಸಿನಲ್ಲಿ ಹನ್ನೊಂದು ಸಲ "ಹಾಜರ್ ಸರ್" ಕೇಳಿಸಿದರೆ ನೀವೇನು ಮಾಡುತ್ತೀರಿ?

ನಾನು ಮತ್ತೊಮ್ಮೆ ಎಣಿಸಿದೆ. ಏಳೇ. (ಲೆಕ್ಕದಲ್ಲಿ ನಾನು ಹಿಂದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಏಳರವರೆಗೆ ಎಣಿಸಲು ಬರುತ್ತದೆ.)

ಮೊದಲಿನಿಂದ ಹೇಳುತ್ತೇನೆ. ನನ್ನ ಮಗಳು ಗಿರಿಜಾ ಪಿಯುಸಿ ಓದುತ್ತಿದ್ದಾಳೆ. ಮುಂಬಯಿಯ ದೊಡ್ಡ ಇಂಜಿನಿಯರಿಂಗ್ ಕಾಲೇಜಿನ ಎಂಟ್ರನ್ಸ್ ಪರೀಕ್ಷೆ ಬರೆಯಬೇಕೆಂದು ಅವಳ ಹಟ. ಅವಳನ್ನು ರಾಮದುರ್ಗದ ವರನಿಗೆ ಕೊಡಬೇಕೆಂದು ನನ್ನ ತಾಯಿಯ ಹಟ. ಕೊನೆಗೆ ಅಜ್ಜಿ ಮೊಮ್ಮಗಳ ನಡುವೆ ಒಪ್ಪಂದವಾಯಿತು. ಪರೀಕ್ಷೆ ಒಂದೇ ಸಲ. ಪಾಸಾದರೆ ಮುಂಬಯಿ, ಇಲ್ಲವಾದರೆ ರಾಮದುರ್ಗ.

ಹೀಗಿರುವಾಗ ಕೋಚಿಂಗ್ ಕ್ಲಾಸ್ ಆರಿಸುವುದು ಹುಡುಗಾಟವೇ? ಬೈಲಹೊಂಗಲದಲ್ಲಿ ಹತ್ತಿಯ ದರ ಹೇಳುವವರು ನೂರು ಜನ ಸಿಗುತ್ತಾರೆ. ಕೋಚಿಂಗ್ ಬಗ್ಗೆ ಹೇಳುವವರು ಒಬ್ಬರೂ ಇಲ್ಲ. ಬೆಳಗಾವಿಯಲ್ಲಿ ಹೊಸದಾಗಿ ಒಂದು ಕ್ಲಾಸು ಶುರುವಾಗಿತ್ತು. ಹೊಸ ಸಿಲೆಬಸ್, ಆ ವರ್ಷದ್ದೇ ಸೈಕ್ಲೋಸ್ಟೈಲ್ ನೋಟ್ಸ್. ಗಿರಿಜಾಳಿಗೆ ಅದೇ ಬೇಕು.

ಆದರೆ ನಾನು ಬಸ್ಸಿನಲ್ಲಿ ಕೇಳಿದ ಮಾತನ್ನು ನಂಬುವ ಜಾತಿ. ಸವದತ್ತಿ ಬಸ್ಸಿನಲ್ಲಿ ಪಕ್ಕದ ಯಜಮಾನರೊಬ್ಬರು, "ವಾಡೇದ ಮಾಸ್ತರ ಕೈಯಾಗ ಕಲ್ತಾಂವ ಒಬ್ಬನೂ ಫೇಲ್ ಆಗಿಲ್ರೀ" ಎಂದಿದ್ದರು. ಅದು ಯಾವ ಕಾಲದ ಮಾತು ಎಂದು ನಾನು ಕೇಳಲಿಲ್ಲ. ನಾವು ಯಾರೂ ಕೇಳುವುದಿಲ್ಲ, ಅಲ್ಲವೇ? ಹೆಸರಾದರೆ ಮುಗಿಯಿತು.

ಮಗಳನ್ನು ಎಳೆದುಕೊಂಡು ಹೋದೆ. ಚಚಡಿ ದಾಟಿ ಒಳಗಿನ ಒಂದು ಊರು. (ಹೆಸರು ಬೇಡ. ಅಲ್ಲಿಯವರೂ ಈ ಅಂಕಣ ಓದುತ್ತಾರೆ.) ಮಟಮಟ ಮಧ್ಯಾಹ್ನ ಹನ್ನೆರಡು ಗಂಟೆ. ಓಣಿಯಲ್ಲಿ ನಾಯಿ ಕೂಡ ಇರಲಿಲ್ಲ. ಹಳೆಯ ಕಾಲದ ದೊಡ್ಡ ಮನೆ, ಆ ವಾಡೆಯ ಮಾಳಿಗೆಯಿಂದ ಪಾಠದ ದನಿ ಕೇಳುತ್ತಿತ್ತು.

"ಅರವತ್ನಾಲ್ಕು ಅಡಿ ಬಾವಿ. ಕಲ್ಲು ಬಿಟ್ರ ನೀರು ಮುಟ್ಟಾಕ ಎಷ್ಟು ಸೆಕೆಂಡ್?"

"ಎರಡು!"

"ಗುರುತ್ವ ಎಷ್ಟು ಹಿಡದ್ರಿ?"

"ಮೂವತ್ತೆರಡು!"

ಗಿರಿಜಾ ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು. "ಅಪ್ಪಾ, ಅಡಿ ಲೆಕ್ಕ ಹೋಗಿ ಎಷ್ಟೋ ವರ್ಷಾತು. ಈಗ ಮೀಟರು. ಒಂಬತ್ತು ಪಾಯಿಂಟ್ ಎಂಟು." ನನ್ನ ತಲೆಯಲ್ಲಿದ್ದದ್ದು ಅದಲ್ಲ. ಉತ್ತರ ಹೇಳಿದ ದನಿಗಳು ಹುಡುಗರವಾಗಿರಲಿಲ್ಲ.

ಒಳಗೆ ಬೆಂಚುಗಳ ಮೇಲೆ ಏಳು ಜನ ಗಂಡಸರು ಕೂತಿದ್ದರು. ನಲವತ್ತರ ಆಚೀಚೆಯವರು. ಒಬ್ಬರ ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಎದುರಿಗೆ ಕರಿ ಕೋಟಿನ ಮಾಸ್ತರರು ಹಲಗೆಯ ಮೇಲೆ ಬರೆಯುತ್ತಿದ್ದರು. ಬರೆದದ್ದರ ಮೇಲೆಯೇ ಬರೆದು ಬರೆದು ಹಲಗೆ ಸುಣ್ಣ ಬಳಿದ ಗೋಡೆಯಾಗಿತ್ತು. ಅವರು ನಮ್ಮತ್ತ ತಿರುಗಿದಾಗ ಗೊತ್ತಾಯಿತು, ಕಣ್ಣು ಕಾಣುವುದಿಲ್ಲ.

"ಎರಡು ಹೊಸಾ ಹೆಜ್ಜಿ ಸಪ್ಪಳ. ಹೊಸಬರು ಬಂದ್ರ ಹಾಜರಿ ಮತ್ತ ಮೊದಲಿಂದ" ಎಂದರು.

ನೆನಪಿನಿಂದಲೇ ಹೆಸರು ಕೂಗಿದರು. ಒಂದು, ಎರಡು, ಮೂರು. ಹನ್ನೊಂದು ಹೆಸರು, ಹನ್ನೊಂದು ಹಾಜರ್. ಬಿಳಿ ಮೀಸೆಯವರು ಎರಡನೇ ಸಲ ಹೇಳುವಾಗ ದನಿಯನ್ನು ಎಳಸು ಮಾಡಿಕೊಂಡರು.

"ಹೊಸಾ ನಂಬರ್ ಹನ್ನೆರಡು. ಹೆಸರೇನವಾ?"

ಹೆಣ್ಣುಮಗಳು ಬಂದದ್ದು ಅವರಿಗೆ ಹೇಗೆ ತಿಳಿಯಿತು? ಬಳೆ ಸಪ್ಪಳವಿರಬೇಕು. (ಗಿರಿಜಾ ಬಳೆ ತೊಡುವುದಿಲ್ಲ. ಇದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.)

"ಗಿರಿಜಾ ರೀ."

"ಹಾಜರ್ ಅನಬೇಕು."

ಅವಳು ನನ್ನ ಮುಖ ನೋಡಿದಳು. ನಾನು ಹೂಂ ಎಂದು ತಲೆ ಅಲ್ಲಾಡಿಸಿದೆ. ಹಿರಿಯರು, ಕಣ್ಣಿಲ್ಲದವರು, ಏನು ಮಹಾ?

"ಹಾಜರ್ ಸರ್."

ಏಳೂ ಜನ ಒಟ್ಟಿಗೆ ತಿರುಗಿ ಅವಳನ್ನು ನೋಡಿದರು. ಒಬ್ಬರೂ ನಗಲಿಲ್ಲ.

ಬಿಳಿ ಮೀಸೆಯವರ ಹೆಸರು ದುಂಡಪ್ಪ. ಸವದತ್ತಿಯಲ್ಲಿ ಅರಿವೆ ಅಂಗಡಿ. ಕೆಳಗೆ ಇಳಿದು ಬಂದು ಎಲ್ಲ ಹೇಳಿದರು. "ಸರ್ ಕಣ್ಣ ಹೋಗಿ ಎಂಟ್ ವರ್ಷ ಆತ್ರಿ. ಸಿಲೆಬಸ್ ಬದಲಾತು, ಹುಡುಗ್ರು ಬರೂದ ನಿಂತ್ರು. ಕ್ಲಾಸ್ ಬಂದ್ ಆಗೇತಿ ಅಂತ ಸರ್‌ಗೆ ಯಾರ್ ಹೇಳ್ಬೇಕು? ಸರ್ ನೆನಪಿನ್ಯಾಗ ಉಳದಿದ್ದು ನಮ್ಮ ಬ್ಯಾಚಿನ ಹನ್ನೊಂದ ಹೆಸರು. ಅದಕ್ಕ ಹಳೇ ಹುಡುಗ್ರು ನಾವ ಪಾಳಿ ಹಚ್ಚಿ ಬರತೇವಿ. ಬರದವರ ಹೆಸರಿಗೆ ಬಂದವ್ರು ಹಾಜರ್ ಅಂತೇವಿ."

"ಹನ್ನೊಂದೂ ಮಂದಿ ಅದಾರೇನ್ರಿ?"

"ಇಬ್ಬರು ತೀರಿಕೊಂಡಾರ್ರಿ. ಅವರ ಹಾಜರಿ ಮಾತ್ರ ಒಂದ ದಿನಾನೂ ತಪ್ಪಿಲ್ಲ."

ನಗಬೇಕೋ ಕೈ ಮುಗಿಯಬೇಕೋ ತಿಳಿಯಲಿಲ್ಲ. ಮರುವಾರವೇ ಗಿರಿಜಾಳನ್ನು ಬೆಳಗಾವಿಯ ಕ್ಲಾಸಿಗೆ ಸೇರಿಸಿದೆ. ಅಲ್ಲೇ ತನ್ನ ಸೋದರತ್ತೆಯ ಮನೆಯಲ್ಲಿದ್ದು ಓದತೊಡಗಿದಳು. ವಾಡೆಯ ಮಾತನ್ನು ಗೆಳೆಯರಿಗೆಲ್ಲ ತಮಾಷೆಯಾಗಿ ಹೇಳಿದೆ. ಯೋಚಿಸಿದರೆ ಅದೇನು ದೊಡ್ಡ ವಿಚಿತ್ರ? ನನ್ನ ತಾಯಿ ಇವತ್ತಿಗೂ ಹಾಲನ್ನು ಸೇರಿನಲ್ಲೇ ಕೇಳುತ್ತಾಳೆ. ಕಚೇರಿಗೆ ಬಾರದವರ ಹೆಸರಿಗೆ ಬಂದವರು ಸಹಿ ಹಾಕುವುದು ನಮ್ಮಲ್ಲಿ ಹೊಸದೇ?

ಮೊನ್ನೆ ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ದುಂಡಪ್ಪ ಸಿಕ್ಕರು. ನಾನು ಕೀಟಲೆಗೆ ಕೇಳಿದೆ. "ನನ್ನ ಮಗಳ ಹಾಜರಿ ಯಾರ್ ಹೇಳ್ತೀರಿ? ಹೆಣ್ಣ ದನಿ ಯಾರಿಗೆ ಬರ್ತೈತ್ರಿ?"

ಅವರು ನಗಲಿಲ್ಲ. "ನಾವ್ಯಾರೂ ಅಲ್ರಿ" ಎಂದರು. "ಮರುದಿನ ಸರ್ ಹನ್ನೆರಡು ಅಂದ್ರು. ಬಂದಿಲ್ರಿ ಅನ್ನಾಕ ನಾ ಬಾಯಿ ತಗದಿದ್ದೆ. ಅಷ್ಟರಾಗ ಕಿಡಕಿ ಕಡೆ ಖಾಲಿ ಬೆಂಚಿನಿಂದ ಬಂತ್ರಿ, ಹಾಜರ್ ಸರ್ ಅಂತ. ನಿಮ್ಮ ಮಗಳ ದನಿನ. ದಿನಾ ಮಧ್ಯಾಹ್ನ ಹನ್ನೆರಡರ ಹಾಜರಿಗೆ ಬರ್ತೈತಿ. ಆ ಬೆಂಚಿನ ಕಡೆ ನೋಡೂದ ಬಿಟ್ಟೇವಿ."

ನಾನು ಅವರ ತೋಳು ಹಿಡಿದೆ. "ಹೆಸರು ತಗಸ್ರಿ" ಎಂದೆ.

"ಪಾಸಾದವರ ಹೆಸರೂ ಸರ್ ತಗದಿಲ್ರೀ. ತೀರಿಕೊಂಡವರದೂ ತಗದಿಲ್ಲ."

ದುಂಡಪ್ಪನವರ ಕಿವಿ ಮೋಸ ಮಾಡಿರಬೇಕು ಎಂದುಕೊಂಡು ಮನೆಗೆ ಬಂದೆ. ಶನಿವಾರ ಗಿರಿಜಾ ಬೆಳಗಾವಿಯಿಂದ ಬಂದಳು. ಕ್ಲಾಸಿನ ಕೊನೆಯ ಟೆಸ್ಟ್ ಪೇಪರನ್ನು ನನ್ನ ಮುಂದಿಟ್ಟು ಅತ್ತಳು. ಐದು ಲೆಕ್ಕ, ಐದೂ ತಪ್ಪು. ಪ್ರತಿ ಲೆಕ್ಕದಲ್ಲೂ ಒಂಬತ್ತು ಪಾಯಿಂಟ್ ಎಂಟು ಇರಬೇಕಾದಲ್ಲಿ ಮೂವತ್ತೆರಡು. ಅವಳದೇ ದುಂಡನೆಯ ಅಕ್ಷರ.

"ನಾ ಒಂಬತ್ತು ಪಾಯಿಂಟ್ ಎಂಟನ ಬರದಿದ್ದೆ ಅಪ್ಪಾ. ದೇವರಾಣಿ."

"ಟೆಸ್ಟ್ ಎಷ್ಟ ಗಂಟೆಕ್ಕ ಇತ್ತು?"

"ಮಧ್ಯಾಹ್ನ ಹನ್ನೆರಡಕ್ಕ. ಯಾಕ?"

ಏನೂ ಇಲ್ಲ ಎಂದೆ. ನನಗೆ ನನ್ನ ಮೇಲೆಯೇ ಸಿಟ್ಟು. ಅವತ್ತು ಅವಳು ನನ್ನ ಮುಖ ನೋಡಿದ್ದಳು. ಬೇಡ ಎಂದಿದ್ದರೆ ಸಾಕಿತ್ತು. ಒಳಗೆ ನನ್ನ ತಾಯಿ ರಾಮದುರ್ಗಕ್ಕೆ ಕಾಗದ ಬರೆಸಲು ಯಾರಿದ್ದಾರೆ ಎಂದು ವಿಚಾರಿಸುತ್ತಿದ್ದಳು.

ಬರುವ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಎಂಟ್ರನ್ಸ್ ಪರೀಕ್ಷೆ. ಅದೇ ಹೊತ್ತಿಗೆ ನನ್ನ ಮಗಳು ಆ ವಾಡೆಯಲ್ಲಿ ಹಾಜರಿದ್ದರೆ, ಪರೀಕ್ಷೆಗೆ ಕೂರುವವಳು ಯಾರು?